ಮೊದಲ ಕೋಟೆಯ ನಿಂಬೆಗಿಡ

“ಅಜ್ಜಾರ, ಮೊದಲಿಗೆ ರುಚಿ ಹತ್ತಿದ ಆಟ ಆಮ್ಯಾಲ ಬ್ಯಾಸರ ಆದ್ರ, ತಪ್ಪು ಆಟದ್ದೋ, ಆಡಾಂವಂದೋ?”

ಹೀಗೆ ಕೇಳಿದವನು ಅಡವೀಶ. ಅವನು ಮಠಕ್ಕೆ ಬಂದು ಒಂದು ವರ್ಷವಾಗಿತ್ತು. ಅಂದು ಬೆಳಗಿನ ಪ್ರಸಾದ ಮುಗಿಸಿ, ಬಟ್ಟೆಯ ಗಂಟನ್ನು ಬಾಗಿಲ ಬಳಿ ಇಟ್ಟು, ಊರಿಗೆ ಹೋಗಲು ಅಪ್ಪಣೆ ಕೇಳಬೇಕೆಂದು ಗುರುಗಳ ಬಳಿ ಬಂದಿದ್ದ. ಅಪ್ಪಣೆ ಕೇಳುವ ಬದಲು ಆಟದ ಮಾತು ತೆಗೆದ. ಗುರುಗಳನ್ನು ಮಠದಲ್ಲಿ ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಗಂಟನ್ನು ನೋಡಿದರು.

“ಯಾವ ಆಟಪಾ?” ಎಂದರು.

ಅದು ಕಂಪ್ಯೂಟರಿನ ಆಟ. ಅಡವೀಶ ಹದಿನಾಲ್ಕು ವರ್ಷದವನಿದ್ದಾಗ ಅಣ್ಣನ ಜೊತೆ ಕೂತು ಆಡಿದ್ದು. ಪರದೆಯೊಳಗೆ ಒಂದು ದೊಡ್ಡ ನಾಡು. ಯಾವ ದಿಕ್ಕಿಗೆ ಬೇಕಾದರೂ ಹೋಗಬಹುದು. ನಾಡಿನ ತುಂಬ ಕೋಟೆಗಳು. ಹುಲ್ಲಿನಲ್ಲಿ ಅಡಗಿ, ಕಾವಲುಗಾರರ ಕಣ್ಣು ತಪ್ಪಿಸಿ ಒಳಗೆ ನುಸುಳಬೇಕು. ಮೊದಲ ಕೋಟೆಗೆ ಮೂರು ಭಾನುವಾರ ಹಿಡಿದಿತ್ತು. ಪರದೆಯ ಕಾವಲುಗಾರ ಹತ್ತಿರ ಬಂದಾಗಲೆಲ್ಲ ಅಣ್ಣ ಉಸಿರು ಬಿಗಿಹಿಡಿಯುತ್ತಿದ್ದ, ಬಿಟ್ಟರೆ ಅವನಿಗೆ ಕೇಳಿಸಿಬಿಟ್ಟೀತು ಎನ್ನುವ ಹಾಗೆ. ಆ ಭಾನುವಾರಗಳನ್ನು ಅಡವೀಶ ಈಗಲೂ ಮರೆತಿರಲಿಲ್ಲ. ಇಪ್ಪತ್ತನೆಯ ಕೋಟೆಯ ಹೊತ್ತಿಗೆ ಚಹಾ ಆರುವುದರೊಳಗೆ ಕೆಲಸ ಮುಗಿಯತೊಡಗಿತು. ಅಣ್ಣ ಪಕ್ಕದಿಂದ ಯಾವಾಗ ಎದ್ದು ಹೋದನೋ ಇವನು ನೋಡಲಿಲ್ಲ. ಕೊನೆಗೆ ಆಟವನ್ನು ಅರ್ಧಕ್ಕೆ ಬಿಟ್ಟ.

“ಇಲ್ಲೂ ಹಂಗ ಆಗೇತ್ರಿ,” ಎಂದ ಅಡವೀಶ. “ಬಂದ ಹೊಸದಾಗ ಗಂಟಿ ಸಪ್ಪಳಕ್ಕ ಮೈ ಜುಮ್ ಅಂತಿತ್ತು. ಈಗ ಅದ ಗಂಟಿ, ಅದ ಕಸಬರಿಗಿ, ಅದ ಮುದುಕಿ ನೀಡೋ ಅದ ರೊಟ್ಟಿ. ನಾ ಹೊಂಟೇನ್ರಿ. ತಪ್ಪು ಯಾರದು ಅಂತ ತಿಳಕೊಂಡು ಹೋಗ್ತೀನಿ.”

ಅಜ್ಜಾರು ಗೋಡೆಗೆ ಒರಗಿ ಕೂತು ಈ ಕತೆ ಹೇಳಿದರು.

ಒಬ್ಬ ರಾಜನಿಗೆ ನಲವತ್ತು ಕೋಟೆಗಳಿದ್ದವು. ಕಾವಲು ಗಟ್ಟಿಯಾಗಿದೆಯೋ ಇಲ್ಲವೋ ನೋಡಲು ಅವನು ಒಬ್ಬ ಬೇಹುಗಾರನನ್ನು ನೇಮಿಸಿದ. ಹಾಡಹಗಲಲ್ಲಿ ಯಾರ ಕಣ್ಣಿಗೂ ಬೀಳದೆ ಕೋಟೆಯನ್ನು ಹೊಕ್ಕು, ಕಣಜದ ಹೊಸ್ತಿಲ ಮೇಲೆ ಒಂದು ನಿಂಬೆಹಣ್ಣು ಇಟ್ಟು ಬರುವುದು ಅವನ ಕೆಲಸ. ನಿಂಬೆಹಣ್ಣು ಸಿಕ್ಕಿದ ಕೋಟೆಯ ಕಾವಲುಗಾರನಿಗೆ ಛಡಿಯೇಟಿಲ್ಲ, ಸೆರೆಯಿಲ್ಲ. ಆ ಬಾಗಿಲಿನಿಂದ ವರ್ಗವಿಲ್ಲ, ಅಷ್ಟೇ. ಸಾಯುವ ತನಕ ಅಲ್ಲೇ ಇಪ್ಪತ್ತು ಹೆಜ್ಜೆ ಅತ್ತ, ಇಪ್ಪತ್ತು ಹೆಜ್ಜೆ ಇತ್ತ. ಎಷ್ಟು ಯೋಚಿಸಿದರೂ ರಾಜನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಹೊಳೆದಿರಲಿಲ್ಲ.

ಮೊದಲ ಕೋಟೆಗೆ ಬೇಹುಗಾರನಿಗೆ ಹನ್ನೊಂದು ದಿನ ಬೇಕಾಯಿತು. ಬಾಗಿಲೆದುರಿನ ಹುಲ್ಲಿನ ಬಣವೆಯಲ್ಲಿ ಅಡಗಿ, ದಿನಕ್ಕೊಂದು ರೊಟ್ಟಿ, ಒಂದು ಉಳ್ಳಾಗಡ್ಡಿ ತಿಂದುಕೊಂಡು, ಕಾವಲುಗಾರನನ್ನೇ ನೋಡುತ್ತಿದ್ದ. ಅವನು ಯಾವ ಕಾಲು ಎಳೆಯುತ್ತಾನೆ, ಯಾವಾಗ ಕೆಮ್ಮುತ್ತಾನೆ, ಬಿಸಿಲು ಏರಿದಾಗ ಯಾವ ಹಾಡು ಗುನುಗುತ್ತಾನೆ, ಎಲ್ಲವೂ ಬಾಯಿಪಾಠವಾಯಿತು. ಹನ್ನೊಂದನೆಯ ಮಧ್ಯಾಹ್ನ ಕಾವಲುಗಾರ ನಾಯಿಗೆ ರೊಟ್ಟಿ ಹಾಕಲು ಬಗ್ಗಿದ. ಅಷ್ಟು ಸಾಕಾಯಿತು. ಬೇಹುಗಾರ ಒಳಗೆ ನುಸುಳಿ ಹೊಸ್ತಿಲ ಮೇಲೆ ನಿಂಬೆಹಣ್ಣು ಇಟ್ಟು ಬಂದ. ಅಂಥ ಸಂತೋಷವನ್ನು ಅವನು ಮತ್ತೆ ಕಾಣಲಿಲ್ಲ.

ಎರಡನೆಯ ಕೋಟೆಯಲ್ಲಿ ಅವನಿಗೊಂದು ಉಪಾಯ ಸಿಕ್ಕಿತು. ಬಣವೆಯಲ್ಲಿ ಕೂತು ಸಿಳ್ಳೆ ಹಾಕಿದರೆ ಕಾವಲುಗಾರ ಏನೆಂದು ನೋಡಲು ಬಾಗಿಲು ಬಿಟ್ಟು ಬರುತ್ತಾನೆ. ಅವನು ಈ ಕಡೆಯಿಂದ ಬಂದರೆ ತಾನು ಆ ಕಡೆಯಿಂದ ಒಳಗೆ. ಈ ಉಪಾಯ ಎಲ್ಲ ಕಡೆಯೂ ನಡೆಯಿತು. ಕಾವಲುಗಾರರ ಮುಖ ನೋಡುವ ಅಗತ್ಯವೂ ಉಳಿಯಲಿಲ್ಲ. ಹನ್ನೆರಡು ವರ್ಷಗಳಲ್ಲಿ ನಲವತ್ತು ಕೋಟೆ ಮುಗಿಸಿ, ಬೇಸತ್ತು, ಬೇಹುಗಾರ ರಾಜನ ಮುಂದೆ ನಿಂತ. ಎಲ್ಲ ಕೋಟೆಗಳೂ ಒಂದೇ, ನನ್ನನ್ನು ಬಿಟ್ಟುಬಿಡಿ ಎಂದ. ಮೊದಲ ಕೋಟೆಗೆ ಇನ್ನೊಮ್ಮೆ ಹೋಗಿ ಬಾ, ಆಮೇಲೆ ಬಿಡುತ್ತೇನೆ ಎಂದ ರಾಜ.

ಬೇಹುಗಾರ ಖುಷಿಯಿಂದಲೇ ಹೊರಟ. ಇಷ್ಟು ವರ್ಷ ಅವನ ಕನಸಿಗೆ ಬರುತ್ತಿದ್ದುದು ಅದೊಂದೇ ಕೋಟೆ. ಆ ಹಳೆಯ ಸಂತೋಷ ಅಲ್ಲಿಯಾದರೂ ಮರಳಿ ಸಿಕ್ಕೀತು ಎಂಬ ಆಸೆ ಅವನಿಗೆ. ಬಣವೆ ಅದೇ ಜಾಗದಲ್ಲಿತ್ತು. ಕಾವಲುಗಾರನ ತಲೆ ನೆರೆತಿತ್ತು. ಬಾಗಿಲ ಪಕ್ಕದಲ್ಲಿ ಹಿಂದೆ ಇಲ್ಲದ ಒಂದು ನಿಂಬೆಗಿಡ ಬೆಳೆದಿತ್ತು. ಈ ಸಲವೂ ಹನ್ನೊಂದು ದಿನ ಕಾಯಬೇಕೆಂದುಕೊಂಡೇ ಬೇಹುಗಾರ ಬಂದಿದ್ದ. ಕೂತ ತುಸು ಹೊತ್ತಿಗೇ, ರೂಢಿ ಬಿಡದೆ, ಸಿಳ್ಳೆ ಹಾಕಿಬಿಟ್ಟ.

ಕಾವಲುಗಾರ ಅಲುಗಲಿಲ್ಲ. ತಿರುಗಿಯೂ ನೋಡಲಿಲ್ಲ.

“ಬಂದ್ಯಾ?” ಎಂದ. “ಹೊರಗ ಬಾ, ಹುಲ್ಲು ಚುಚ್ಚತೈತಿ. ಈ ಹೊತ್ತಿನ್ಯಾಗ ಆ ಬಣವ್ಯಾಗ ಯಾವ ಹಕ್ಕಿನೂ ಕೂಡಂಗಿಲ್ಲ.”

ಬೇಹುಗಾರ ಸಿಕ್ಕಿಬಿದ್ದದ್ದು ಅದೇ ಮೊದಲು. ಆದರೆ ಮುದುಕನ ಎದುರು ನಿಂತಾಗ ನಾಚಿಕೆಗಿಂತ ಹೆಚ್ಚಾಗಿ ಕನಿಕರವಾಯಿತು.

“ನನ್ನಿಂದ ನೀವು ಹನ್ನೆರಡು ವರ್ಷ ಇಲ್ಲೇ ಉಳೀಬೇಕಾತು, ಯಜಮಾನ್ರ. ದಿನಾ ಅದ ಇಪ್ಪತ್ತು ಹೆಜ್ಜಿ. ಬ್ಯಾಸರ ಆಗಲಿಲ್ಲೇನ್ರಿ?”

“ನೀ ಹೋದ ಮರುದಿನ ಸಿಟ್ಟಿಲೆ ಬಣವಿ ಕೆದರಿದೆ. ಹನ್ನೊಂದು ಉಳ್ಳಾಗಡ್ಡಿ ಸಿಪ್ಪಿ ಸಿಕ್ಕವು. ಹನ್ನೊಂದು ದಿನ ನನ್ನನ್ನ ಇಷ್ಟು ಲಕ್ಷ್ಯ ಕೊಟ್ಟು ನೋಡಿದವರು ಯಾರದಾರ ಅನಿಸ್ತು. ಹೆಂಡತಿನೂ ನೋಡಿಲ್ಲ. ಅವತ್ತಿಂದ ನಿನ್ನ ದಾರಿ ಕಾಯ್ಕೋತ, ಬಂದವರನ್ನ, ಹೋದವರನ್ನ ಹಂಗ ನೋಡಾಕ ಹತ್ತಿದೆ. ಒಂದು ದಿನದಂಗ ಇನ್ನೊಂದು ದಿನ ಇರಲೇ ಇಲ್ಲ. ನಿನ್ನ ಹಣ್ಣಿನ ಬೀಜ ಊರಿದ್ದೆ, ಗಿಡ ನೋಡು.”

ಮುದುಕ ಅವನನ್ನು ಆ ಗಿಡದ ನೆರಳಿನಲ್ಲಿ ಕೂರಿಸಿ ನೀರು ಕೊಟ್ಟ. ಆಮೇಲೆ ತಾನೂ ಎದುರಿಗೆ ಕೂತ.

“ನಾ ಈ ಬಾಗಲಾ ಬಿಟ್ಟು ಏನೂ ಕಂಡಿಲ್ಲ. ನೀ ನಾಡೆಲ್ಲ ಸುತ್ತಿದಾಂವ. ಉಳಿದ ಕೋಟಿಗೋಳು ಹೆಂಗದಾವು, ಅಲ್ಲಿ ನನ್ನಂಥವರು ಹೆಂಗದಾರ, ಹೇಳು. ಇಷ್ಟು ವರ್ಷ ಅದನ್ನ ಕೇಳಬೇಕಂತ ಕಾದೇನಿ.”

ಬೇಹುಗಾರ ಹೇಳಲು ಬಾಯಿ ತೆರೆದ. ಬಣವೆ, ಸಿಳ್ಳೆ, ಹೊಸ್ತಿಲು. ಬಣವೆ, ಸಿಳ್ಳೆ, ಹೊಸ್ತಿಲು. ಮೂವತ್ತೊಂಬತ್ತು ಕೋಟೆಗಳಲ್ಲಿ ಒಂದು ಮುಖವೂ ನೆನಪಿಗೆ ಬರಲಿಲ್ಲ. ಮುದುಕ ಹೊತ್ತು ಇಳಿಯುವ ತನಕ ಕಾದ. ಆಮೇಲೆ ಎದ್ದು ತನ್ನ ಇಪ್ಪತ್ತು ಹೆಜ್ಜೆಗೆ ಮರಳಿದ. ಬೇಹುಗಾರ ನಿಂಬೆಗಿಡದ ಬುಡದಲ್ಲಿ ಕೂತು ಅತ್ತ.

ಅಜ್ಜಾರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅಡವೀಶನಿಗೆ ಅನ್ನಿಸಿತು. ಮನಸ್ಸು ಹಗುರವಾಯಿತು. ಗುರುಗಳ ಕಾಲುಮುಟ್ಟಿ ನಮಸ್ಕರಿಸಿ, ಬಾಗಿಲಿಗೆ ಹೋಗಿ ಗಂಟು ಎತ್ತಿಕೊಂಡ.

“ತಪ್ಪು ಆಡಾಂವಂದ ಅಂತ ತಿಳೀತ್ರಿ, ಅಜ್ಜಾರ. ಇನ್ನ ಮುಂದ ಎಲ್ಲಿದ್ರೂ ಕಣ್ಣು ತೆರೆದು ಇರ್ತೀನ್ರಿ. ಬರ್ಲ್ಯಾ?”

“ಹೋಗಿ ಬಾಪಾ, ಒಂದು ವರ್ಷ ನಿನ್ನ ತಾಟಿಗೆ ರೊಟ್ಟಿ ನೀಡಿದ ಆ ತಾಯಿ ಹೆಸರೊಂದು ಹೇಳಿ ಹೋಗು” ಎಂದರು ಅಜ್ಜಾರು.

ಅಡವೀಶ ಬಾಯಿ ತೆರೆದ.