ಮೂರು ಏಟು

ಹೊಳೆಯ ದಂಡೆಯಲ್ಲಿ ಮೋನಪ್ಪ ಆಚಾರ್ಯರ ಕುಲುಮೆ ಇತ್ತು. ಗುಜರಿಗೆ ಬಿದ್ದ ಲಾರಿಗಳ ಉಕ್ಕಿನ ಪಟ್ಟಿಗಳನ್ನು ತಂದು ಅವರು ಗರಿ, ಗೊನೆ ಕಡಿಯುವ ಕತ್ತಿ ಮಾಡುತ್ತಿದ್ದರು.

ಅಲ್ಲಿ ಒಂದು ನಿಯಮವಿತ್ತು. ಹೊಸ ಕತ್ತಿಯನ್ನು ಯಾರ ಕೈಗಾದರೂ ಕೊಡುವ ಮೊದಲು ಅದರ ಬೆನ್ನನ್ನು ಬಾಗಿಲ ಕಲ್ಲಿಗೆ ಮೂರು ಸಲ ಬಲವಾಗಿ ಬಡಿಯಬೇಕು. ಹಳೆಯ ಉಕ್ಕಿನಲ್ಲಿ ಬಿರುಕು ಅಡಗಿದ್ದರೆ ಅದು ಅಲ್ಲಿಯೇ ಮುರಿಯಬೇಕು.

ಒಂದು ಬೆಳಿಗ್ಗೆ ಶಿಷ್ಯ ಲೋಕಯ್ಯ ತಿದಿ ಒತ್ತುವುದನ್ನು ನಿಲ್ಲಿಸಿದ.

"ಗುರುಗಳೇ, ತೆಂಗಿನಮರ ಹತ್ತುವ ಐತಪ್ಪ ನಿನ್ನೆ ಬಂದು ಕತ್ತಿ ಒಯ್ದ."

"ಒಳ್ಳೆಯದು. ನೀನೊಬ್ಬನೇ ಮಾಡಿದ ಮೊದಲ ಕತ್ತಿ."

"ಮೂರು ಏಟು ಹೊಡೆದೆ."

"ಸರಿ."

"ಮೆಲ್ಲಗೆ ಹೊಡೆದೆ."

ಗುರು ಸುತ್ತಿಗೆಯನ್ನು ಕೆಳಗಿಟ್ಟರು. "ಯಾಕೆ?"

"ಹನ್ನೆರಡು ದಿನದ ಕೆಲಸ. ಮುರಿದರೆ ಎಂದು ಹೆದರಿದೆ. ರಾತ್ರಿಯಿಡೀ ಅವನು ಬೀಳುವುದೇ ಕಣ್ಣಿಗೆ ಕಟ್ಟುತ್ತಿತ್ತು."

ಗುರು ಐತಪ್ಪ ಕೆಲಸ ಮಾಡುವ ತೆಂಗಿನ ತೋಟದತ್ತ ಹೊರಟರು. ಲೋಕಯ್ಯ ಹಿಂದೆ ಓಡಿದ.

ತೋಟದಲ್ಲಿ ಐತಪ್ಪ ಆಗಲೇ ಮರದ ತುದಿಯಲ್ಲಿದ್ದ. ಒಂದು ಕೈ ಮರವನ್ನು ತಬ್ಬಿತ್ತು. ಇನ್ನೊಂದು ಕೈ ಒಣಗರಿಗಳನ್ನು ಕಡಿಯುತ್ತಿತ್ತು. ಬೀಸಿನ ನಡುವೆ ಕತ್ತಿ ತುಂಡಾದರೆ ಆ ಮೈ ಆಯ ತಪ್ಪುವುದು ಖಂಡಿತ.

ಟಕ್. ಟಕ್.

ಲೋಕಯ್ಯ ಎರಡೂ ಕೈಗಳನ್ನು ಬಾಯಿಯ ಬಳಿ ತಂದ. "ಕೂಗಲೇ?"

"ಬೀಸುವ ಕೈ ಬೆಚ್ಚುತ್ತದೆ. ಕೂಗಬೇಡ."

ಗುರು ಹೋಗಿ ಮರದ ಬುಡದಲ್ಲಿ, ಗೊನೆಗಳ ನೇರ ಕೆಳಗೆ ಕುಳಿತರು. "ಬಾ. ಗೊನೆ ಕಡಿಯುವ ಮೊದಲು ಅವನು ಕೆಳಗೆ ನೋಡುತ್ತಾನೆ. ಜನ ಕಂಡರೆ ಕಡಿಯುವುದಿಲ್ಲ."

"ನೋಡದಿದ್ದರೆ?"

ಗುರು ತಮ್ಮ ಪಕ್ಕದ ನೆಲವನ್ನು ತಟ್ಟಿದರು.

ಲೋಕಯ್ಯ ಕುಳಿತ. ಒಂದು ಒಣಗರಿ ಅವನ ಭುಜ ಸವರಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಸದ್ದು ನಿಂತಿತು.

"ಆಚಾರ್ರೇ," ಮೇಲಿನಿಂದ ದನಿ ಬಂತು, "ತಲೆ ಬೇಡವಾದರೆ ಹೇಳಿ, ದೊಡ್ಡ ಗೊನೆಯನ್ನೇ ಬೀಳಿಸುತ್ತೇನೆ."

"ಇಳಿದು ಬಾ ಮಾರಾಯ, ಸಾವಕಾಶ."

ಐತಪ್ಪ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದ. ಅವನ ಪಾದ ನೆಲ ಮುಟ್ಟುವವರೆಗೂ ಲೋಕಯ್ಯ ಕಣ್ಣು ತೆಗೆಯಲಿಲ್ಲ.

ಗುರು ಕತ್ತಿಯನ್ನು ತೆಗೆದು ಶಿಷ್ಯನ ಕೈಗಿಟ್ಟು, ಬಾವಿಕಟ್ಟೆಯ ಕಲ್ಲನ್ನು ತೋರಿಸಿದರು.

ಲೋಕಯ್ಯ ಬಲವಾಗಿ ಬಡಿದ. ಏನೂ ಆಗಲಿಲ್ಲ. ಮತ್ತೆ ಬಡಿದ. ಕತ್ತಿ ಗಟ್ಟಿಯಾಗಿಯೇ ಇತ್ತು.

"ಒಳ್ಳೆಯ ಕತ್ತಿ," ಎಂದ ಐತಪ್ಪ. "ಸುಮ್ಮನೆ ಇಳಿಸಿದಿರಿ."

ಮೂರನೆಯ ಏಟಿಗೆ ಅದು ಎರಡು ತುಂಡಾಯಿತು. ಮುರಿದ ಅಂಚಿನ ಅರ್ಧ ಭಾಗ ಹೊಳೆಯುತ್ತಿತ್ತು. ಇನ್ನರ್ಧ ಹಳೆಯ ಬಿರುಕಿನ ತುಕ್ಕಿನಿಂದ ಕಪ್ಪಾಗಿತ್ತು.

ಐತಪ್ಪ ಒಮ್ಮೆ ಮರದ ತುದಿಯನ್ನು ನೋಡಿದ. ಆಮೇಲೆ ನಿಧಾನವಾಗಿ ನೆಲದ ಮೇಲೆ ಕುಳಿತ.

ಗುರು ತಮ್ಮ ಸೊಂಟದಲ್ಲಿದ್ದ ಹಳೆಯ ಕತ್ತಿಯನ್ನು ಬಿಚ್ಚಿ ಅವನ ಪಕ್ಕದಲ್ಲಿಟ್ಟರು.

ಲೋಕಯ್ಯ ಕೈಮುಗಿದ. "ಇನ್ನು ಯಾವತ್ತೂ ಹೆದರುವುದಿಲ್ಲ, ಗುರುಗಳೇ."

"ಹೆದರು," ಎಂದರು ಗುರು. "ಆದರೆ ನಿನ್ನ ಹೆದರಿಕೆಯನ್ನು ಇನ್ನೊಬ್ಬನ ಕೈಗೆ ಕೊಟ್ಟು ಮರ ಹತ್ತಿಸಬೇಡ."