ಬಿಳಿ ಅಂಗೈ ಬಿದ್ದ ಹಲಗೆ

ಹುಣಸೀಗಟ್ಟಿಯ ಮಠ ದೊಡ್ಡದಲ್ಲ. ಒಂದು ಪಡಸಾಲೆ, ಒಂದು ದನದ ಕೊಟ್ಟಿಗೆ, ಅಷ್ಟೇ. ಪೂಜ್ಯ ನಿರ್ಲೇಪ ಸ್ವಾಮಿಗಳು ಅಲ್ಲಿ ನಲವತ್ತು ವರ್ಷ ಇದ್ದರು. ಅಂದು ಬೆಳಿಗ್ಗೆ ಅಂಗಳದಲ್ಲಿ ಕುಳಿತು ವಿಭೂತಿ ಗಟ್ಟಿ ಮಾಡುತ್ತಿದ್ದರು.

ಹುಲುಗಪ್ಪ ಬಂದು ಬಾಗಿಲಾಚೆ ನಿಂತ. ಹಲಗೆ ಬಾರಿಸಿ ಊರಿಗೆ ಸುದ್ದಿ ಸಾರುವವನು ಅವನೇ.

"ಅವ್ವ ಸತ್ಲು, ಯಪ್ಪಾ. ಚಿಟಿಕಿ ವಿಭೂತಿ ಕೊಡ್ರಿ. ಸಂಜಿಗೆ ಮಣ್ಣು ಮಾಡ್ತೀನಿ."

"ಸಂಜೀತನಾ ಯಾಕಪ್ಪಾ?"

"ಗೌಡ್ರ ಕಣದಾಗ ರಾಶಿ ಐತ್ರಿ. ಮುಗಿಸಿ ಹೋಗು ಅಂದಾರ. ಈ ಬಿಸಿಲಿಗೆ ಹೆಣ ತಡಿತೈತೋ ಇಲ್ಲೋ."

ಊರಿನ ಕಟ್ಟಳೆ ಹೀಗಿತ್ತು. ದೊಡ್ಡ ಮನೆತನದವರು ಹೋದರೆ ಮೂರೂ ಓಣಿಯಲ್ಲಿ 'ಶಿವೈಕ್ಯರಾದರು' ಎಂದು ಸಾರಬೇಕು. ಆ ಮಾತು ಕಿವಿಗೆ ಬಿದ್ದರೆ ಒಲೆ ಆರಬೇಕು, ಎತ್ತು ನಿಲ್ಲಬೇಕು, ಮಣ್ಣಾಗುವವರೆಗೆ ಯಾರೂ ದುಡಿಯುವಂತಿಲ್ಲ. ಕೇರಿಯವರು ಹೋದರೆ 'ಸತ್ತ', ಮುಗಿಯಿತು. ಅದನ್ನು ಸಾರುವುದಿಲ್ಲ. ಕೆಲಸ ನಿಲ್ಲುವುದಿಲ್ಲ.

"ತಾಯಿ ಹೆಸರು?"

"ದ್ಯಾಮಿ ಅಂತಾರ್ರಿ."

ಸ್ವಾಮಿಗಳು ಎದ್ದರು. ಕೈ ತೊಳೆಯಲಿಲ್ಲ. ಹುಲುಗಪ್ಪನ ಹೆಗಲಿನ ಹಲಗೆ ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡರು.

"ಬ್ಯಾಡ್ರಿ ಯಪ್ಪಾ, ಅದು ಚರ್ಮ! ಮುಟ್ಟಬಾರ್ದು!"

ಸ್ವಾಮಿಗಳು ಆಗಲೇ ಬೀದಿಯಲ್ಲಿದ್ದರು.

"ಹುಲುಗಪ್ಪನವರ ತಾಯಿ ದ್ಯಾಮವ್ವನವರು ಶಿವೈಕ್ಯರಾದರು!"

ಹೆಂಗಸರು ಯಾರೆಂದು ವಿಚಾರಿಸಲಿಲ್ಲ, ಒಲೆಗೆ ನೀರು ಹೊಯ್ದರು. ಕಣದಲ್ಲಿ ಎತ್ತು ನಿಂತವು. ಆಮೇಲೆ ಹೆಸರು ತಿಳಿಯಿತು. ಊರು ಬಾಯಿ ತೆರೆದದ್ದು ಮುಚ್ಚಲಿಲ್ಲ.

ಸಂಕನಗೌಡರು ರೊಟ್ಟಿಗೆ ಕುಳಿತಿದ್ದರು.

"ಒಲಿ ಹಚ್ಚವ್ವಾ! ಸತ್ತಾಕಿ ಹುಲುಗ್ಯಾನ ಮುದುಕಿ!"

ಸೊಸೆ ನೀಲವ್ವ ಕದಲಲಿಲ್ಲ. "ಹೋದ ವರ್ಷ ಹಿಂಗ ಒಲಿ ಹಚ್ಚಿದಾಕಿನ್ನ ಚಾವಡಿ ಮುಂದ ನಿಂದ್ರಿಸಿದ್ರಲ್ರಿ, ಮಾವಾರ. ನನಗ ಧೈರ್ಯ ಇಲ್ರಿ."

ಗೌಡರು ಎಂಜಲು ಕೈಯಲ್ಲೇ ಓಡಿದರು. ಎರಡನೆಯ ಓಣಿಯ ಕೊನೆಯಲ್ಲಿ ಸ್ವಾಮಿಗಳನ್ನು ಅಡ್ಡಗಟ್ಟಿದರು.

"ಅಜ್ಜಾರ, ಅದು ನಮ್ಮ ತಂದಿಗೆ ಅಂದ ಮಾತು! ಆಕಿಗೆ ಹ್ಯಾಂಗ ಅಂತೀರಿ?"

ಸ್ವಾಮಿಗಳು ಹಲಗೆ ಬಾರಿಸುತ್ತಿದ್ದ ಕೋಲು ತಡೆದರು.

"ನಿಮ್ಮ ತಂದಿಗೆ ಆ ಮಾತು ಯಾರ ಬಾಯಿಂದ ಬಂತು, ಗೌಡ್ರ?"

ಬಂದದ್ದು ಹುಲುಗಪ್ಪನ ಬಾಯಿಂದ. ಗಂಟಲು ಹರಿಯುವಂತೆ ಸಾರಿದ್ದ. ಅದನ್ನು ಕೇಳಿಯೇ ಗೌಡರು ಅಂದು ಮೊದಲ ಸಲ ಅತ್ತಿದ್ದರು.

ಹುಲುಗಪ್ಪ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಗೌಡರು ಅವನನ್ನು ನೋಡಿದರು. ಹಲಗೆ ನೋಡಿದರು. ಕರಿ ಚರ್ಮದ ಮೇಲೆ ವಿಭೂತಿಯ ಅಂಗೈ ಮೂಡಿತ್ತು. ಎಂಜಲು ಕೈಯನ್ನು ಧೋತರಕ್ಕೆ ಒರೆಸಿಕೊಂಡರು.

"ನಮ್ಮ ಓಣಿ ಉಳಿದೈತಿ, ಅಜ್ಜಾರ. ಇಲ್ಲಿ ಕೊಡ್ರಿ."

ಹಲಗೆ ಗೌಡರ ಕೊರಳಿಗೆ ಬಿತ್ತು. ಬಾರಿಸಲು ಬರಲಿಲ್ಲ. "ಹುಲುಗ್ಯಾ..." ಎಂದು ಬಾಯಿ ಹಳೆಯ ದಾರಿ ಹಿಡಿಯಿತು. ನಿಂತರು. ಮೊದಲಿನಿಂದ ಶುರು ಮಾಡಿದರು.

"ಹುಲುಗಪ್ಪನವರ ತಾಯಿ..."

ಮಧ್ಯಾಹ್ನಕ್ಕೆ ಮೊದಲೇ ದ್ಯಾಮವ್ವನವರಿಗೆ ಮಣ್ಣಾಯಿತು. ಅಲ್ಲಿಯವರೆಗೆ ಹುಣಸೀಗಟ್ಟಿಯ ಯಾವ ಮನೆಯಿಂದಲೂ ಹೊಗೆ ಏಳಲಿಲ್ಲ.