ಸೋಲದ ರಾಜನ ಪಾತ್ರ

"ಗುರುಗಳೇ, ಎಲ್ಲರಿಗಿಂತ ಬಲಶಾಲಿಯಾದ ಪಾತ್ರವನ್ನು ಯಾರ ಕೈಗೆ ಕೊಡಬೇಕು?" ಎಂದು ಸುಧನ್ವ ಕೇಳಿದ.

ಅವನು ಭಾನುವಾರಗಳಂದು ಗೆಳೆಯರನ್ನು ಮೇಜಿನ ಸುತ್ತ ಕೂರಿಸಿಕೊಂಡು ಕತೆಯಾಟ ಆಡಿಸುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಮಾತು ಅವರದು, ಫಲ ದಾಳದ್ದು, ಕತೆ ನಡೆಸುವ ಹೊಣೆ ಇವನದು. ಈಗ ಇಬ್ಬರು ಗೆಳೆಯರು ಒಂದೇ ಮಹಾವೀರನ ಪಾತ್ರಕ್ಕೆ ಪಟ್ಟು ಹಿಡಿದಿದ್ದರು. ತಪ್ಪಾದವನಿಗೆ ಕೊಟ್ಟರೆ ಕೂಟವೇ ಒಡೆದುಹೋದೀತೆಂದು ಸುಧನ್ವನಿಗೆ ಭಯ.

ಗುರುಗಳು ಕತೆ ಹೇಳಿದರು.

ಒಬ್ಬ ಭಾಗವತ ತಾಳಮದ್ದಳೆ ನಡೆಸುತ್ತಿದ್ದ. ವೇಷವಿಲ್ಲ, ಕುಣಿತವಿಲ್ಲ. ಅವನು ಪದ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲೇ ತಂತಮ್ಮ ಪಾತ್ರವಾಗಿ ಮಾತಾಡಬೇಕು. ಮೊದಲೇ ಬರೆದಿಟ್ಟ ಮಾತಿಲ್ಲ. ಹಬ್ಬದ ಕೂಟದಲ್ಲಿ ಯಾರಿಗೂ ಸೋಲದ ಒಬ್ಬ ರಾಜನ ಪಾತ್ರವಿತ್ತು. ಅದು ತನಗೇ ಬೇಕೆಂದು ಇಬ್ಬರು ಬಂದರು. ಒಬ್ಬ ಪಂಡಿತ, ಇನ್ನೊಬ್ಬ ನೇಕಾರ.

ಭಾಗವತ ಹಬ್ಬಕ್ಕೆ ಮೊದಲು ಬೇರೊಂದು ಕತೆಯಲ್ಲಿ ಇಬ್ಬರಿಗೂ ಸರದಿಯಂತೆ ದೂತನ ಪಾತ್ರ ಕೊಟ್ಟ. ದೂತನಿಗೆ ಸುದ್ದಿ ಮುಟ್ಟಿಸುವುದಷ್ಟೇ ಕೆಲಸ. ಪಂಡಿತ ದೂತನಾಗಿ ಕುಳಿತು ರಾಜನಿಗೇ ನೀತಿಪಾಠ ಮಾಡಿದ. ರಾಜನಾಗಿದ್ದವನು ಉತ್ತರ ತೋಚದೆ ಬೆವರಿದ. ಸಭೆ ಚಪ್ಪಾಳೆ ತಟ್ಟಿತು. ಭಾಗವತನಿಗೂ ಆ ಮಾತುಗಾರಿಕೆ ಹಿಡಿಸಿತು.

ಮರುದಿನ ನೇಕಾರ ದೂತನಾದ. ಸುದ್ದಿ ಹೇಳಿದ ಮೇಲೆ, "ಪ್ರಭೂ, ಊರಿನವರು ಕೇಳಿದರೆ ಏನೆಂದು ಹೇಳಲಿ?" ಎಂದಷ್ಟೇ ಕೇಳಿದ. ಹಿಂದಿನ ದಿನ ಬೆವರಿದ್ದ ಅದೇ ರಾಜ ಅರ್ಧ ಗಂಟೆ ತಡವರಿಸದೆ ಮಾತಾಡಿದ. ಸಭೆ ಅವನನ್ನು ಹೊಗಳಿತು. ದೂತ ಯಾರಾಗಿದ್ದನೆಂದು ಯಾರೂ ವಿಚಾರಿಸಲಿಲ್ಲ.

ಸೋಲದ ರಾಜನ ಪಾತ್ರ ನೇಕಾರನಿಗೆ ಹೋಯಿತು. ಪಂಡಿತನಿಗೆ ಸಿಟ್ಟು ನೆತ್ತಿಗೇರಿತು.

"ಗೆದ್ದವನು ನಾನಲ್ಲವೇ?" ಎಂದ.

"ನೀವೇ ಗೆದ್ದದ್ದು. ದೂತನಾಗಿಯೇ ಎದುರಿನವನ ಬಾಯಿ ಮುಚ್ಚಿಸಿದಿರಿ. ಸೋಲದ ರಾಜನಾದರೆ ನಿಮ್ಮ ಎದುರು ಕೂರಲು ನಾನು ಯಾರನ್ನು ಕರೆತರಲಿ?" ಎಂದ ಭಾಗವತ.

ಇಷ್ಟು ಕೇಳಿ ಸುಧನ್ವನ ಮನಸ್ಸು ಹಗುರಾಯಿತು. ಸ್ವಲ್ಪ ಹೆಚ್ಚೇ ಹಗುರಾಯಿತು.

"ತಿಳಿಯಿತು ಗುರುಗಳೇ. ಇಬ್ಬರಿಗೂ ಸಣ್ಣ ಪಾತ್ರ ಕೊಟ್ಟು ನೋಡುತ್ತೇನೆ. ಅವರು ಒಪ್ಪಲೇಬೇಕು, ನನ್ನ ಆಟದಲ್ಲಿ ನನ್ನ ಮಾತೇ ಕೊನೆ. ಹೋದ ವಾರ ಒಬ್ಬ ಎದುರಾಡಿದ. ಅವನ ಪಾತ್ರವನ್ನು ಕತೆಯಲ್ಲಿ ಕೊಂದು, ಅವನನ್ನು ಮನೆಗೆ ಕಳಿಸಿಬಿಟ್ಟೆ" ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು:

"ಹಾಗಾದರೆ ಆ ಮೇಜಿನಲ್ಲಿ ಎಲ್ಲರಿಗಿಂತ ಬಲಶಾಲಿ ನೀನೇ. ನಿನಗೆ ಯಾವ ಸಣ್ಣ ಪಾತ್ರ ಕೊಟ್ಟು ನೋಡಿದ್ದರು?"